ತೊಟ್ಟಿಲಿಗೆ ಹಾಕುವ ಕೈ

ಕರ್ಕರಾಲಿ ಬಳಿಯ ಹಳ್ಳಿಯಿಂದ,
೧೧ ಏಪ್ರಿಲ್ ೧೯೭೯

ಸೊಸೆ ರೌಶಾನ್‌ಗೆ,

ನಾನು ಕ್ಷೇಮ. ಆಶೀರ್ವಾದ ಎಂದು ಬರೆಯಲು ಹೊರಟೆ, ಕೈ ತಡೆಯಿತು. ಈ ಮುದುಕಿಯ ಆಶೀರ್ವಾದ ಯಾವತ್ತು ನನಗೆ ಒಳ್ಳೆಯದು ಮಾಡಿತ್ತು ಎಂದು ಅಂದುಕೊಳ್ಳುತ್ತೀಯ. ಅಂದುಕೋ.

ತೊಗ್ಜಾನ್ ಹೆತ್ತಿದ್ದಾಳೆ, ಗಂಡು ಮಗು. ಇದೇ ಇಪ್ಪತ್ತೆರಡರ ಭಾನುವಾರ ತೊಟ್ಟಿಲ ಶಾಸ್ತ್ರ. ಮಗುವನ್ನು ಮೊದಲು ತೊಟ್ಟಿಲಿಗೆ ಹಾಕಿದವಳ ಗುಣ ಮಗುವಿಗೆ ಬರುತ್ತದೆಂದು ನಾವು ನಂಬಿದವರು. ಹೊಸ ಬಟ್ಟೆ ತೊಟ್ಟಷ್ಟು ಸಂಭ್ರಮದಲ್ಲಿ ನಾನು ತೊಟ್ಟಿಲಿಗೆ ಬಣ್ಣ ಹಚ್ಚಿಸುತ್ತಿದ್ದೆ. ಆಗ ತೊಗ್ಜಾನ್ ಅಂದಳು: "ಅತ್ತಿಗೇನೇ ಬಂದು ಹಾಕ್ಲಿ, ಅಪಾ. ನನ್ನ ಹೆತ್ತೋಳು ಅವಳಲ್ವಾ? ನೀನೇ ಕಾಗದ ಬರಿ."

ಇಂದಿಗೂ ಅವಳು ನಿನ್ನನ್ನು ಅತ್ತಿಗೆ ಎಂದೇ, ನನ್ನನ್ನು ಅಮ್ಮನ ಹಾಗೆ ಅಪಾ ಎಂದೇ ಕರೆಯುತ್ತಾಳೆ. ನಾನು ಕಲಿಸಿದ್ದು. ಚೊಚ್ಚಲು ಮಗು ಅಜ್ಜ ಅಜ್ಜಿಗೆ ಸೇರಿದ್ದು, ಅದಕ್ಕೆ ಅಜ್ಜಿಯೇ ಅಮ್ಮ, ಹೆತ್ತವಳು ಮನೆಯ ಸೊಸೆ ಅಷ್ಟೆ. ಈ ಪದ್ಧತಿ ನಾನು ಹುಟ್ಟಿಸಿದ್ದಲ್ಲ. ನಲವತ್ತು ದಿನದ ಕೂಸನ್ನು ನೀನೂ ಮರುಮಾತಿಲ್ಲದೆ ನನ್ನ ಮಡಿಲಿಗೆ ಹಾಕಿದ್ದೆ.

ಆಮೇಲೆ ನಿನ್ನ ಎರಡನೆಯದು ಜ್ವರದಲ್ಲಿ ಹೋಯಿತು. ತೊಗ್ಜಾನ್‌ಗೆ ಆಗ ನಾಲ್ಕು ವರ್ಷ. ಅವಳನ್ನು ವಾಪಸು ಕೇಳಲು ನೀನು ಬಂದೆ. ನಿನ್ನ ಮಾವ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದು, "ಕೊಟ್ಬಿಡೇ ಬಾತಿಮಾ, ಅವಳ ಮಡಿಲು ಬರಿದಾಗಿದೆ" ಅಂದರು. ನನಗೆ ಮೈಯೆಲ್ಲ ಉರಿಯಿತು. ಊರವರ ಮುಂದೆ ಸೋತು ಮಗು ಬಿಟ್ಟುಕೊಟ್ಟವಳು ಎನಿಸಿಕೊಳ್ಳಲೇ? ಮಗುವನ್ನೇ ಕೇಳೋಣ ಎಂದೆ. ವಾರ ಕಳೆದು ನೆರೆಹೊರೆಯವರೆಲ್ಲ ಚಹಾ ಕುಡಿಯುತ್ತಿದ್ದಾಗ ನಡುಮನೆಯಲ್ಲಿ ನಿಲ್ಲಿಸಿ ಕೇಳಿದೆ. ನೀನು ಕೈ ಚಾಚಿದೆ. ಅವಳು ಚೀರಿ ನನ್ನ ಲಂಗದೊಳಗೆ ಮುಖ ಹುದುಗಿಸಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀನು ಚಹಾ ಕುಡಿಯದೆ ಎದ್ದು ಹೋದೆ.

ಆ ಒಂದು ವಾರ ನಾನೇನು ಮಾಡಿದೆ ಎಂದು ಯಾರಿಗೂ ಹೇಳಿಲ್ಲ. ದಿನವೂ ಅವಳನ್ನು ಮಲಗಿಸುವಾಗ ಕಿವಿಯಲ್ಲಿ ಹೇಳುತ್ತಿದ್ದೆ: "ಅತ್ತಿಗೆ ಪಕ್ಕ ಮಲಗಿದ ಮಕ್ಕಳು ಏಳೋದಿಲ್ಲ ಕಣೇ."

ಮಗುವಿನ ಮೇಲೆ ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ನನ್ನದು ಎನ್ನುವುದು ಅದಕ್ಕಿಂತ ದೊಡ್ಡದಾಗಿತ್ತು. ಅದರಿಂದ ಮಗನನ್ನೂ ಕಳೆದುಕೊಂಡೆ. ಎರ್ಮೆಕ್ ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಗಣಿಯಿಂದ ಅವನ ಹೆಣ ಬಂದ ದಿನ ಬಂದ ಹೆಂಗಸರೆಲ್ಲ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ನಾನು ನೀನು ಮಾತ್ರ ಎರಡು ಗೋಡೆ ಹಿಡಿದು ಕುಳಿತೆವು. ನೀನು ಮೊದಲು ಏಳಲಿ ಎಂದು ನಾನು ಕಾದೆ. ಮಗ ಸತ್ತ ದಿನವೂ ಆ ಹಟವೊಂದನ್ನು ಬಿಡಲಾಗಲಿಲ್ಲ.

ಬಾ ರೌಶಾನ್. ನನಗಾಗಿ ಬೇಡ, ನಿನ್ನ ಮಗಳು ಕರೆಯುತ್ತಿದ್ದಾಳೆ. ಕುದುರೆಗಾಡಿಯನ್ನು ನಿಲ್ದಾಣಕ್ಕೆ ಕಳಿಸುತ್ತೇನೆ. ಅವಳ ಮುಂದೆ ಈ ಮಾತು ನಾನೇ ಒಪ್ಪಿಕೊಳ್ಳುತ್ತೇನೆ.

ಇಂತಿ,
ನಿನ್ನ ಅತ್ತೆ ಬಾತಿಮಾ

ಮರೆತ ಮಾತು, ೨೪ ಏಪ್ರಿಲ್: ಈ ಕಾಗದ ಹದಿಮೂರು ದಿನ ನನ್ನ ಪೆಟ್ಟಿಗೆಯಲ್ಲೇ ಇತ್ತು. ಅಂಚೆಯವನು ಎರಡು ಸಲ ಬಂದು ಹೋದ. ಕಾಗದ ಬರೆದೆಯಾ ಎಂದು ತೊಗ್ಜಾನ್ ಕೇಳಿದಳು, ಬರೆದೆ ಎಂದೆ. ಭಾನುವಾರ ಮಧ್ಯಾಹ್ನದವರೆಗೆ ಮಗುವನ್ನು ಹೊತ್ತು ಬಾಗಿಲಲ್ಲಿ ನಿಂತು ದಾರಿ ನೋಡಿದಳು. ಕೊನೆಗೆ ನಾನೇ ತೊಟ್ಟಿಲಿಗೆ ಹಾಕಿದೆ. "ಅವಳಿಗೆ ಆಗಲೂ ನಾನು ಬೇಡ, ಈಗಲೂ ಬೇಡ. ಇನ್ನು ನನಗೆ ನೀನೊಬ್ಳೇ ಅಪಾ" ಎಂದು ಹೆಗಲ ಮೇಲೆ ಬಿದ್ದು ಅತ್ತಳು. ಈ ಮಾತಿಗೆ ಹದಿನೆಂಟು ವರ್ಷ ಕಾದಿದ್ದೆ. ಕೇಳಿದಾಗಿನಿಂದ ಅವಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದೇನೆ. ಅಂಚೆಯವನು ಗುರುವಾರ ಬರುತ್ತಾನೆ. ಈ ಸಲ ಕೊಡುತ್ತೇನೆ ಎಂದುಕೊಂಡಿದ್ದೇನೆ.