ಎರಡನೇ ಪ್ರತಿವಾದಿ

ಲಿಕ್ ಬ್ರಾಂಚ್, ವೆಸ್ಟ್ ವರ್ಜೀನಿಯಾ
ಅಕ್ಟೋಬರ್ 14, ಮಂಗಳವಾರ

ನನ್ನ ಮೇಲೆ ಕೇಸು ಹಾಕಿದ ಮಗಳು ಡ್ರೀಮಾಗೆ,

ನಿನ್ನ ಅಮ್ಮ ನಾನು ಇನ್ನೂ ಗಟ್ಟಿಯಾಗಿದ್ದೇನೆ. ಕೋರ್ಟಿನ ಕಾಗದದಲ್ಲಿ ಮೊದಲನೇ ಪ್ರತಿವಾದಿ ಗಣಿ ಕಂಪನಿ, ಎರಡನೇ ಪ್ರತಿವಾದಿ ಹೆತ್ತ ತಾಯಿ ಅಂತ ಬರೆಸಿದ್ದೀಯಲ್ಲ, ಆ ಎರಡನೆಯವಳೇ ಬರೆಯುತ್ತಿದ್ದೇನೆ. ನನ್ನ ಸಿಟ್ಟು ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ರಾಜಿಗೆ ಬರೆದ ಕಾಗದವೂ ಅಲ್ಲ.

ನಿನ್ನ ಬಾವಿಯ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನನಗೆ ಗೊತ್ತು. ಮೊಮ್ಮಗ ಕೋಲ್ಟನ್‌ನ ಮೈಮೇಲೆ ಗುಳ್ಳೆ ಎದ್ದದ್ದೂ ಗೊತ್ತು. ಗಣಿಯ ಹೊಲಸು ನೀರನ್ನು ಗುಡ್ಡದ ಮೇಲಿನ ಹೊಂಡಕ್ಕೆ ಹೊತ್ತು ಹಾಕಿದ್ದು ನನ್ನ ಟ್ಯಾಂಕರ್ ಲಾರಿಯೇ, ನಿಜ. ಆದರೆ ನೀರು ಕೆಳಗಿನ ಬಾವಿಗಳಿಗೆ ಇಂಗದ ಹಾಗೆ ಆ ಹೊಂಡಕ್ಕೆ ತಳ ಹಾಕಿಸದೆ ಬಿಟ್ಟವರು ಕಂಪನಿಯವರು. ಅವರು ತೋರಿಸಿದ ಕಡೆ ನಾನು ಸುರಿದೆ. ಇದನ್ನು ಜ್ಯೂರಿಯ ಮುಂದೆ ನಿನ್ನ ಮುಖ ನೋಡಿಕೊಂಡೇ ಹೇಳುತ್ತೇನೆ. ಬಿಡುವವಳಲ್ಲ ನಾನು.

ಈಗ ವಿಷಯಕ್ಕೆ ಬರುತ್ತೇನೆ. ಸಮನ್ಸ್ ಬಂದಾಗ ಕಂಪನಿಯ ವಕೀಲ, ನಿಮ್ಮ ಕೇಸನ್ನೂ ನಾನೇ ಪುಕ್ಕಟೆ ನಡೆಸುತ್ತೇನೆ ಅಂದಿದ್ದ. ಹೋದ ತಿಂಗಳು ಮನೆಗೇ ಬಂದ. ಕೆಸರಿನಲ್ಲಿ ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದ, ನೋಡಬೇಕಿತ್ತು ನೀನು. ಒಲೆಯ ಮೇಲೆ ಬೀನ್ಸ್ ಬೇಯುತ್ತಿತ್ತು. "ಆಹಾ ಮೇಡಂ, ಈ ಘಮಕ್ಕೇ ಹೊಟ್ಟೆ ಹಸೀತಿದೆ" ಅಂತ ಬೆಣ್ಣೆ ಹಚ್ಚಿದ. ಮೆಕ್ಕೆಜೋಳದ ಬ್ರೆಡ್ಡೂ ಕೊಟ್ಟು ಕೂರಿಸಿದೆ.

ಎರಡು ತುತ್ತು ತಿಂದು ಒಂದು ಕಾಗದ ತೆಗೆದ. "ಈ ಕೇಸನ್ನ ನಮ್ಮ ಕೌಂಟಿ ಕೋರ್ಟಿಂದ ಚಾರ್ಲ್ಸ್‌ಟನ್ನಿನ ಫೆಡರಲ್ ಕೋರ್ಟಿಗೆ ಒಯ್ತೀವಿ. ನಿಮ್ಮ ಮಗಳು ಫೆಡರಲ್ ಕಾನೂನು ಎತ್ತಿದ್ದಾರಲ್ಲ, ಅದಕ್ಕೇ ದಾರಿ ಸಿಕ್ಕಿದೆ. ಒಪ್ಪಿಗೆ ಅಂತ ನೀವೊಂದು ಸಹಿ ಹಾಕಿ, ಅಷ್ಟೇ" ಅಂದ.

"ಹಾಕದಿದ್ರೆ?" ಅಂದೆ. "ಅಯ್ಯೋ, ಹಾಕದೆ ಇರ್ತೀರಾ?" ಅಂತ ನಕ್ಕ. ನಾನೂ ಬಿಡದೆ ಅವನ ತಲೆ ತಿಂದೆ. ಕೊನೆಗೆ ಬಾಯಿ ಬಿಟ್ಟ. ಕೇಸು ಹಾಕಿಸಿಕೊಂಡವರೆಲ್ಲ ಒಪ್ಪಬೇಕಂತೆ. ಒಬ್ಬರು ಬೇಡ ಅಂದರೂ ಕೇಸು ಇಲ್ಲೇ ಉಳಿಯುತ್ತದಂತೆ. ಅದಕ್ಕೊಂದು ಗಡುವೂ ಉಂಟಂತೆ.

ಅಲ್ಲಿ ತೀರ್ಪು ಹೇಳುವ ಜ್ಯೂರಿಯಲ್ಲಿ ಯಾರು ಕೂರುತ್ತಾರೆ ಅಂತ ಕೇಳಿದೆ. "ಹೆಚ್ಚಿನವರು ನಗರದ ಕಡೆಯವರು. ನಿಮಗೇ ಒಳ್ಳೇದಲ್ವಾ ಮೇಡಂ? ಇಲ್ಲಿ ಎಲ್ರಿಗೂ ನಿಮ್ಮ ಲಾರಿ ಗುರುತಿದೆ" ಅಂದ.

ನನಗೆ ಅಲ್ಲೇ ಚುಚ್ಚಿತು ನೋಡು. "ಗುರುತಿರೋರೇ ಬೇಕು ಕಣಪ್ಪಾ" ಅಂದೆ. "ನನ್ನ ಮೇಲೆ ತಪ್ಪು ಹೊರಿಸೋದಾದ್ರೆ, ಚರ್ಚಿನ ಊಟದಲ್ಲಿ ನನ್ನ ಉಪ್ಪಿನಕಾಯಿ ತಿಂದೋರೇ ಹೊರಿಸ್ಲಿ. ನಗರದ ನಲ್ಲಿ ನೀರು ಕುಡಿಯೋರು ಬಂದು ಈ ಹಳ್ಳದ ನ್ಯಾಯ ಹೇಳೋದು ಬೇಡ."

ಅವನ ನಗು ಹಾರಿಹೋಯಿತು. "ನಿಮ್ಮ ಲಾರಿಗೆ ಕೆಲಸ ಕೊಡ್ತಿರೋದು ಯಾರು ಅಂತ ಒಂದ್ಸಲ ಯೋಚ್ನೆ ಮಾಡಿ" ಅಂದ. ನನಗೆ ಪಿತ್ತ ನೆತ್ತಿಗೇರಿತು. ತಿನ್ನುತ್ತಿದ್ದ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದೆ.

ಮಾರನೇ ದಿನವೇ ಅವನು ನನ್ನ ಕೇಸಿನಿಂದ ಕೈ ತೊಳೆದುಕೊಂಡ. ಯಾರು ಯಾರಿಗೆ ಕಾಗದ ಕಳಿಸಬೇಕು ಅನ್ನುವ ಪಟ್ಟಿ ಇರುತ್ತದಲ್ಲ ಕೋರ್ಟಿನಲ್ಲಿ, ನನ್ನ ಹೆಸರು ಹಾಕಿ, "ವರ್ಲೀನ್ ಸ್ಟಿಲ್ಟ್‌ನರ್ ಪರವಾಗಿ ಇನ್ನು ನನಗೆ ಕಳಿಸಬೇಡಿ" ಅಂತ ಅಲ್ಲಿ ಬರೆದುಕೊಟ್ಟನಂತೆ. ಹಾಗಾಗಿ ಪಟ್ಟಿಯಲ್ಲಿ ಈಗ ನನ್ನದೇ ವಿಳಾಸ. ನಿನ್ನ ವಕೀಲೆ ಏನು ಸಲ್ಲಿಸಿದರೂ ಒಂದು ಪ್ರತಿ ನಮ್ಮ ಬೇಲಿಯ ಅಂಚೆ ಪೆಟ್ಟಿಗೆಗೆ ಬೀಳುತ್ತದೆ.

ಮೊನ್ನೆ ಶುಕ್ರವಾರ ಗಡುವು ಮುಗಿಯಿತು. ಸಂಜೆಯವರೆಗೂ ಕಂಪನಿಯ ಕಡೆಯಿಂದ ಫೋನು ಬಡಿದುಕೊಂಡಿತು. ನಾನು ಎತ್ತಲಿಲ್ಲ, ಸಹಿಯನ್ನೂ ಹಾಕಲಿಲ್ಲ. ನಿನ್ನ ಕೇಸು ನಮ್ಮ ಊರಿನ ಕೋರ್ಟಿನಲ್ಲೇ ನಡೆಯುತ್ತದೆ. ಲಾರಿ ಅಂಗಳದಲ್ಲಿ ನಿಂತಿದೆ, ಅದರ ಬಗ್ಗೆ ಏನೂ ಕೇಳಬೇಡ.

ಇದೆಲ್ಲ ನಿನಗಾಗಿ ಮಾಡಿದೆ ಅಂತ ಉಬ್ಬಿಹೋಗಬೇಡ. ನನ್ನ ಮರ್ಯಾದೆಗಾಗಿ ಮಾಡಿದ್ದು. ನೀನು ಗೆಲ್ಲು, ಸೋಲು, ಆ ಕೋರ್ಟಿನ ಮೆಟ್ಟಿಲು ಹತ್ತಿ ಬಂದು ನನ್ನ ಎದುರಿಗೆ ಕೂರಬೇಕು. ಬಾವಿ ಕೆಟ್ಟಾಗಿನಿಂದ ನನ್ನ ಮನೆಯ ಮೆಟ್ಟಿಲನ್ನಂತೂ ನೀನು ಹತ್ತಲಿಲ್ಲ. ಕೋಲ್ಟನ್‌ನನ್ನು ಕರೆತರುವುದಾದರೆ ಸ್ವೆಟರ್ ಹಾಕು, ಕೋರ್ಟಿನೊಳಗೆ ವಿಪರೀತ ಚಳಿ.

ಹಟದಲ್ಲಿ ನಿನಗಿಂತ ಒಂದು ಕೈ ಮೇಲಾದ,
ನಿನ್ನ ಅಮ್ಮ
ವರ್ಲೀನ್

ತಾ.ಕ.: ಹೇಳುವುದು ಮರೆತೆ. ನಿನ್ನಪ್ಪನ ಜೊತೆ ಮೀನು ಹಿಡಿಯಲು ಹೋಗುತ್ತಿದ್ದ ರಸ್ಕೋ ಲೆಸ್ಟರ್‌ನನ್ನೇ ವಕೀಲನಾಗಿ ಹಿಡಿದಿದ್ದೇನೆ. "ಇನ್ಮೇಲೆ ಕಾಗದ ಎಲ್ಲಾ ನನಗೇ ಬರ್ತಾವೆ ವರ್ಲೀನ್, ಪಟ್ಟಿಯಿಂದ ನಿನ್ನ ಹೆಸರು ತೆಗೆಸಿಬಿಡ್ತೀನಿ, ತಲೆನೋವು ತಪ್ಪುತ್ತೆ" ಅಂದ. "ನನ್ನ ಹೆಸರು ಮುಟ್ಟಿದ್ರೆ ನೋಡು" ಅಂದೆ. ಮೊನ್ನೆ ನಿನ್ನ ವಕೀಲೆ ಕಳಿಸಿದ ನಿನ್ನ ಹೇಳಿಕೆಯ ಕೊನೆಯಲ್ಲಿ ನಿನ್ನ ಸಹಿ ಇತ್ತು, ನಾನೇ ಕೈ ಹಿಡಿದು ತಿದ್ದಿಸಿದ ಅಕ್ಷರ. ಎರಡು ವರ್ಷದಲ್ಲಿ ನಿನ್ನಿಂದ ಬಂದ ಅಂಚೆ ಅದೊಂದೇ ಕಣೇ. ಅದನ್ನೂ ನಿಲ್ಲಿಸಿಕೊಳ್ಳಲು ನನಗೇನು ಹುಚ್ಚೇ?