ಹಡಗಿನ ಟೈಮು, ನಮ್ಮ ಟೈಮು

ಜನವರಿ 19, ಸೋಮವಾರ

ಬೆಳಿಗ್ಗೆ ಮತ್ತೆ ಬೆಡ್‌ಶೀಟ್ ಒಗೆಯುವ ಕೆಲಸ. ಹೈದರಾಬಾದಿನ ಹುಡುಗರು ಒಂದರ ಮೇಲೆ ಸಾರು ಚೆಲ್ಲಿ ಹೋಗಿದ್ದಾರೆ. ಅರಿಶಿನದ ಕಲೆ. ಉಜ್ಜಿ ಉಜ್ಜಿ ಕೈ ನೋವು.

ಅಷ್ಟರಲ್ಲಿ ಹಾಲೇಶನ ಫೋನ್. ಹೊಸಪೇಟೆಯವನು. ಗೋವಾ ಬಂದರಿನಲ್ಲಿ ಹಡಗಿನ ಪ್ರವಾಸಿಗರಿಗೆ ಗಾಡಿ, ಗೈಡು ಹೊಂದಿಸಿಕೊಡುತ್ತಾನೆ.

"ಅಕ್ಕಾರ, ಫೆಬ್ರವರಿ ಹತ್ತಕ್ಕ ಒಂದು ಹಡಗ ಬರತೈತಿ. ಎರಡು ರಾತ್ರಿ ನಿಂದರತೈತಿ. ಎಂಟು ಮಂದಿ ಆನೆಗೊಂದಿ ನೋಡಬೇಕಂತಾರ. ಸಾಣಾಪುರದಾಗ ನಿಮ್ಮಲ್ಲೇ ಇಟ್ಗೋತೀರೇನ್ರಿ?"

ಇಟ್ಟುಕೊಳ್ಳುತ್ತೇನೆ ಅಂದೆ. ಯೋಚನೆಯನ್ನೇ ಮಾಡಲಿಲ್ಲ. ಫೋನ್ ಇಟ್ಟ ಮೇಲೆ ಹಾಸಿಗೆ ಎಷ್ಟಿವೆ ಎಂದು ಎಣಿಸತೊಡಗಿದೆ.

ಶಾಲೆ ಮುಚ್ಚಿ ವರ್ಷವಾಗುತ್ತಾ ಬಂತು. ಭೂಗೋಳ ಹೇಳಿಕೊಟ್ಟವಳು ಈಗ ಗದ್ದೆ ಮನೆಯಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದೇನೆ. ನಮ್ಮ ಯಜಮಾನರದು ಗಂಗಾವತಿಯಲ್ಲಿ ಅಕ್ಕಿ ಅಂಗಡಿ. "ಮಾಡು, ನೋಡೂಣು" ಅಂದಿದ್ದರು, ಅಷ್ಟೇ. ಅತ್ತೆಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಇವತ್ತೂ ಅದೇ ಮಾತು — "ಊರ ಮಂದೀಗೆ ಹಾಸಿಗಿ ಹಾಸಾಕ ಎಂ.ಎ. ಓದಬೇಕಿತ್ತೇನ, ಶೈಲಾ?"

ಶೀಟು ಹಿಂಡಿದೆ.

ಫೆಬ್ರವರಿ 2

ಹಾಲೇಶ ಹಡಗಿನ ಕಾಗದ ಕಳಿಸಿದ. ಹತ್ತನೇ ತಾರೀಖು ಎಂಟು ಗಂಟೆಗೆ ಬಂದರಿನ ಗೇಟಿನಲ್ಲಿ ಕರೆದುಕೊಳ್ಳಬೇಕು. ಹನ್ನೆರಡನೇ ತಾರೀಖು ಸಂಜೆ ನಾಲ್ಕರೊಳಗೆ ವಾಪಸ್. ಬಾಗಿಲು ಹಾಕಿದರೆ ಮುಗಿಯಿತು, ಹಡಗು ಯಾರಿಗೂ ಕಾಯುವುದಿಲ್ಲ. ಉಳಿದುಹೋದವರನ್ನು ಮುಂದಿನ ಊರಿಗೆ ವಿಮಾನದಲ್ಲಿ ಕಳಿಸಬೇಕು. ಮುಂದಿನ ಊರು ಮಸ್ಕತ್! ಹಾಗಾದರೆ ಹಡಗಿನವರು ಮತ್ತೆಂದೂ ನನ್ನ ಹೆಸರು ಎತ್ತುವುದಿಲ್ಲ.

ಡ್ರೈವರ್ ಉಮರಸಾಬ ಒಪ್ಪಿದ. ಟೆಂಪೊ ಟ್ರಾವೆಲರ್ ಅವನದೇ. ಗೋವಾ ರಸ್ತೆ ರೂಢಿ. "ಎಂಟು ತಾಸು ಹಿಡೀರಿ, ಅಕ್ಕಾರ. ಘಟ್ಟದಾಗ ಲಾರಿ ನಿಂತರ ಮಾತ್ರ ಅಲ್ಲಾನ ಕೈಯಾಗ."

ಫೆಬ್ರವರಿ 10, ಮಂಗಳವಾರ. ಗಾಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ

ನಾಚಿಕೆ... ಮೊದಲ ದಿನವೇ.

ರಾತ್ರಿಯೇ ಹೊರಟು ಎಂಟಕ್ಕೆ ಕಾಲು ಗಂಟೆ ಮೊದಲೇ ಗೇಟಿಗೆ ಹೋದೆವು. ಬೇಗ ಬಂದೆವೆಂದು ಹೆಮ್ಮೆ ಬೇರೆ. ಎಂಟೂ ಜನ ಹೊರಗೆ ನಿಂತಿದ್ದರು, ಒಂದು ತಾಸಿಗೂ ಮೇಲಿನಿಂದ! ಪೀಟರ್ ಎಂಬ ಎತ್ತರದ ಇಂಗ್ಲಿಷ್ ಮುದುಕ ಗಡಿಯಾರ ತೋರಿಸಿದ. ಒಂಬತ್ತೂಕಾಲು.

ಹಡಗು ಥಾಯ್ಲೆಂಡಿನಿಂದ ಹೊರಟಿದ್ದು. ಕೊಲಂಬೊ, ಕೊಚ್ಚಿ ದಾಟಿ ಬಂದರೂ ಒಳಗಿನ ಗಡಿಯಾರ ಬದಲಿಸಿಲ್ಲ. ಶಿಪ್ ಟೈಮ್ ನಮಗಿಂತ ಒಂದೂವರೆ ತಾಸು ಮುಂದೆ. ಕಾಗದದ ಎಂಟು ಅಂದರೆ ನಮ್ಮ ಆರೂವರೆ. ಹಾಲೇಶನಿಗೂ ಹೊಳೆದಿಲ್ಲ, ನನಗೂ ಹೊಳೆದಿಲ್ಲ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದು ಏಳನೇ ಕ್ಲಾಸಿನವರಿಗೆ ಬಾಯಿಪಾಠ ಮಾಡಿಸಿದವಳು ನಾನು!

ಕ್ಷಮೆ ಕೇಳಿದೆ. ಪೀಟರ್ ತನ್ನ ಚೀಲ ಎತ್ತಿಕೊಂಡು ಗಾಡಿ ಹತ್ತಿದ. ರೂತ್ ಎಂಬ ಹೆಂಗಸು — ಎಪ್ಪತ್ತು ದಾಟಿರಬೇಕು, ಕೈಯಲ್ಲಿ ಕೋಲು, ನ್ಯೂಜಿಲೆಂಡಿನವರು — ನಕ್ಕು, "ಇಲ್ಲೇ ನಿಂತು ಸೂರ್ಯೋದಯ ನೋಡಿದೆವು. ಚೆನ್ನಾಗಿತ್ತು" ಅಂದರು.

ಈಗಿನ ಚಿಂತೆ ಅದಲ್ಲ. ವಾಪಸಿನ ನಾಲ್ಕು ಗಂಟೆ ಕೂಡ ನಮ್ಮ ಎರಡೂವರೆಯೇ. ಸಾಣಾಪುರದಿಂದ ಬೆಳಿಗ್ಗೆ ಏಳಕ್ಕೆ ಹೊರಡುವ ಪ್ಲಾನ್ ಇತ್ತು. ಹಾಗೇ ಹೊರಟಿದ್ದರೆ ಹಡಗಿನ ಬೆನ್ನು ನೋಡುತ್ತಿದ್ದೆವು. ಐದಕ್ಕೇ ಹೊರಡಬೇಕು.

ಫೆಬ್ರವರಿ 11, ಬುಧವಾರ

ಬೆಳಿಗ್ಗೆ ಏಳಕ್ಕೆ ಕೆರೆಯಲ್ಲಿ ಹರಗೋಲು ಅಂದಿದ್ದೆ. ನಾಲ್ಕು ಜನ ಐದೂವರೆಗೇ ಎದ್ದು ಅಂಗಳದಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಕೈಗಡಿಯಾರದವರು ಅವರು. ಉಳಿದ ನಾಲ್ವರು ಫೋನ್ ನೋಡುವವರು. ಫೋನು ತಾನೇ ಇಂಡಿಯಾದ ಟೈಮಿಗೆ ತಿರುಗಿದೆ. ಅತ್ತೆ ಎದ್ದು ಬಂದು ಬೆಚ್ಚಿದರು.

"ಇವರ ಗಡಿಯಾರ ಬ್ಯಾರೆ, ನಮ್ಮ ಗಡಿಯಾರ ಬ್ಯಾರೆ ಅಂದರ ಹೆಂಗವಾ? ಸೂರ್ಯಾ ಒಬ್ಬನ ಅದಾನಲ್ಲ?"

ತಿಂಡಿಯ ಹೊತ್ತಿಗೆ ಎಲ್ಲರೆದುರು ನಿಂತು ಹೇಳಿದೆ. ಇನ್ನು ಹಡಗು ಹತ್ತುವವರೆಗೆ ಒಂದೇ ಟೈಮು, ಶಿಪ್ ಟೈಮ್. ನನ್ನ ಗಡಿಯಾರವನ್ನೂ ಅವರೆದುರಿಗೇ ತಿರುಗಿಸಿಕೊಂಡೆ. ಪೀಟರ್ ಮೊದಲ ಸಲ ತಲೆಯಾಡಿಸಿದ.

ಆಮೇಲೆ ಎಲ್ಲ ಛಲೋ ನಡೆಯಿತು. ಹರಗೋಲು, ಬಂಡೆ, ಆನೆಗೊಂದಿ, ಬಾಳೆಎಲೆಯ ಊಟ. ಬಂಡೆಗಳನ್ನು ಯಾರು ಹೀಗೆ ಒಂದರ ಮೇಲೊಂದು ಇಟ್ಟರು ಎಂದು ಕೇಳಿದರು. ಪಾಠ ಮಾಡುವ ಚಾನ್ಸು, ಬಿಡಲಿಲ್ಲ. ಅರ್ಧ ತಾಸು ಹೇಳಿದೆ. ಯಾರೂ ಆಕಳಿಸಲಿಲ್ಲ. ಶಾಲೆಯಲ್ಲಿ ಹೀಗೆ ಆಗಿದ್ದು ನೆನಪಿಲ್ಲ.

ಸಂಜೆ ವಾಪಸ್ ಬಂದು ವೈಫೈ ಸಿಕ್ಕಾಗ ರೂತ್ ಅವರಿಗೆ ಮೆಸೇಜು. ಓದಿ ಕಟ್ಟೆಯ ಮೇಲೆ ಕೂತು ನನ್ನನ್ನು ಕರೆದರು. ಮಗಳು ಬಸುರಿ, ಹೆರಿಗೆಗೆ ಇನ್ನೂ ತಿಂಗಳಿತ್ತು. ಬಿಪಿ ಏರಿ ಆಸ್ಪತ್ರೆ ಸೇರಿದ್ದಾಳೆ. ನಾಳೆ ಮಧ್ಯಾಹ್ನ ಆಪರೇಶನ್. ನ್ಯೂಜಿಲೆಂಡಿನ ಮಧ್ಯಾಹ್ನ. ಲೆಕ್ಕ ಹಾಕಿ ಹೇಳಿದೆ, ನಮ್ಮ ಬೆಳಗಿನ ಎಂಟರ ಸುಮಾರಿಗೆ ಸುದ್ದಿ ಬರಬೇಕು. ಆಗ ನಾವು ರಸ್ತೆಯಲ್ಲಿ. ಅವರ ಫೋನಿಗೆ ವೈಫೈ ಬಿಟ್ಟರೆ ಗತಿಯಿಲ್ಲ.

"ನನ್ನ ಫೋನಿನ ಹಾಟ್‌ಸ್ಪಾಟ್ ಆನ್ ಇಡುತ್ತೇನೆ" ಅಂದೆ. ಘಟ್ಟದಲ್ಲಿ ಸಿಗ್ನಲ್ ಇಲ್ಲ ಎಂಬುದನ್ನೂ ಹೇಳಿದೆ. ಮುಚ್ಚಿಡಬಾರದು.

ಅತ್ತೆ ಏನಾಯಿತೆಂದು ಕೇಳಿದರು, ಹೇಳಿದೆ. ನೆಟ್ಟಗೆ ಹೋಗಿ ರೂತ್ ಪಕ್ಕ ಕೂತರು. ಅವರ ಕೈ ಹಿಡಿದು, "ಹೇಮಗುಡ್ಡದ ದುರ್ಗವ್ವಗ ಹೇಳ್ಕೊಂಡೀನಿ, ನಿನ್ನ ಮಗಳಿಗೆ ಏನೂ ಆಗಂಗಿಲ್ಲ ತಗೋ" ಅಂದರು. ಕನ್ನಡದಲ್ಲೇ. ರೂತ್ ಎಲ್ಲ ತಿಳಿದವರಂತೆ ಕೇಳಿಸಿಕೊಂಡರು.

ಫೆಬ್ರವರಿ 12, ಗುರುವಾರ. ಗೋವಾದ ವಾಸ್ಕೊ, ಒಂದು ಹೋಟೆಲಿನ ಟೇಬಲ್ಲು

ಮುಗಿಯಿತು. ಮರೆಯುವ ಮೊದಲು ಬರೆದಿಡಬೇಕು.

ನಮ್ಮ ಟೈಮು ಐದಕ್ಕೆ ಹೊರಟೆವು. ಕೊಪ್ಪಳ ದಾಟುವಾಗ ಬೆಳಕು. ಎಂಟಾಯಿತು, ಹುಬ್ಬಳ್ಳಿ. ಸುದ್ದಿ ಇಲ್ಲ. ಇಡ್ಲಿ ತಿಂದರು. ರೂತ್ ಮುಟ್ಟಲಿಲ್ಲ, ಫೋನ್ ತೊಡೆಯ ಮೇಲೆ. ಒಂಬತ್ತು, ಹತ್ತು...

ಘಟ್ಟ ಶುರುವಾಗುವ ಮುಂಚಿನ ಊರು. ಚಹಾದ ಅಂಗಡಿ. ಸಿಗ್ನಲ್ ಎರಡು ಗೀಟು. ಮುಂದೆ ಒಂದೂ ಇರುವುದಿಲ್ಲ. ರೂತ್ ಮುಂದೆ ಬಾಗಿ ಮೆಲ್ಲಗೆ, "ಸ್ವಲ್ಪ ಹೊತ್ತು ನಿಲ್ಲಬಹುದೇ?" ಅಂದರು.

ಪೀಟರ್ ಹಿಂದಿನಿಂದ ಹೇಳಿದ, "ರೂತ್, ನನಗೂ ಬೇಜಾರಿದೆ. ಆದರೆ ನಾವು ಉಳಿದವರು ಏಳು ಜನ ಇದ್ದೇವೆ. ಹಡಗು ಕಾಯುವುದಿಲ್ಲ."

ಅವನದು ತಪ್ಪಲ್ಲ.

ಉಮರಸಾಬ ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ನಿಂದರಸಲೋ, ಹೊಡೀಲೋ? ನೀವು ಹೇಳ್ರಿ ಅಕ್ಕಾರ."

ಕೈಯಲ್ಲಿ ಒಂದು ತಾಸು ಉಳಿತಾಯವಿತ್ತು. ಘಟ್ಟದ ಲಾರಿಗಳಿಗೆಂದು ಇಟ್ಟಿದ್ದು. ಅದರಲ್ಲಿ ಇಪ್ಪತ್ತು ನಿಮಿಷ ತೆಗೆದೆ. "ಇಪ್ಪತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಎಲ್ಲರೂ ಚಹಾ ಕುಡಿಯಿರಿ."

ಯಾರಿಗೂ ಚಹಾ ಬೇಕಿರಲಿಲ್ಲ. ಆದರೂ ಗ್ಲಾಸು ಹಿಡಿದು ನಿಂತರು. ಫೋನ್ ಬರಲಿಲ್ಲ.

ಹೊತ್ತು ಮುಗಿಯಿತು. ಹೇಳಬೇಕಾದವಳು ನಾನೇ. ರೂತ್ ಹತ್ತಿರ ಹೋದೆ. "ಹೋಗೋಣ" ಅಂದೆ. ಅವರು ನನ್ನ ಭುಜ ಹಿಡಿದು ಎದ್ದರು, ಗಾಡಿ ಹತ್ತಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಘಟ್ಟದಲ್ಲಿ ಸಿಕ್ಕೇಬಿಟ್ಟವು. ಲಾರಿ ಹಿಂದೆ ಲಾರಿ. ತಿರುವಿನಲ್ಲಿ ಒಂದು ಕೆಟ್ಟು ನಿಂತಿತ್ತು. ನಿಲ್ಲಬಾರದಿತ್ತು ಎಂದು ಎಷ್ಟು ಸಲ ಅಂದುಕೊಂಡೆನೋ! ಎಂಟು ಜನರಿಗೆ ಮಸ್ಕತ್ ಟಿಕೆಟ್... ಹಾಲೇಶನಿಗೆ ಏನು ಹೇಳಲಿ... ಇವರಿಗೆ ಏನು ಹೇಳಲಿ... ಉಮರಸಾಬ ಇಳಿದು ಹೋಗಿ ಅವರಿವರನ್ನು ಹಿಂದೆ ಸರಿಸಿ ದಾರಿ ಮಾಡಿಸಿದ. ಗಂಟಲು ಬಿದ್ದುಹೋಗಿದೆ ಅವನದು.

ಕೆಳಗಿಳಿದು ಸ್ವಲ್ಪ ದೂರ ಹೋಗಿದ್ದೆವು. ಟಣ್, ಟಣ್, ಟಣ್. ನನ್ನ ಫೋನು, ರೂತ್ ಅವರ ಫೋನು, ಎರಡೂ ಒಟ್ಟಿಗೆ. ರೂತ್ ಫೋನನ್ನು ಪಕ್ಕದವರ ಕೈಗೆ ಕೊಟ್ಟರು. ಅವರೇ ಮೆಸೇಜು ತೆರೆದರು.

ಹೆಣ್ಣು. ಸಣ್ಣ ಕೂಸು, ತಲೆಗೆ ಟೊಪ್ಪಿಗೆ, ಮುಷ್ಟಿ ಬಿಗಿ ಹಿಡಿದು ಅಳುತ್ತಿದೆ. ತಾಯಿಗೆ ಬಿಪಿ ಇಳಿದಿದೆ. ಆಪರೇಶನ್ನೇ ತಡವಾಗಿ ಶುರುವಾಯಿತಂತೆ. ನಾವು ಚಹಾದ ಅಂಗಡಿಯಲ್ಲಿ ನಿಂತಾಗ ಅದಿನ್ನೂ ಹುಟ್ಟೇ ಇರಲಿಲ್ಲ!

ಫೋಟೊ ಸೀಟಿನಿಂದ ಸೀಟಿಗೆ ಹೋಯಿತು. ಪೀಟರ್ ಬಹಳ ಹೊತ್ತು ಹಿಡಿದುಕೊಂಡ. ಆಮೇಲೆ ಕನ್ನಡಕ ತೆಗೆದು ಒರೆಸಿದ. "ಚಪ್ಪಾಳೆ ಹೊಡೀರಿ ಎಲ್ಲಾರೂ!" ಎಂದು ಉಮರಸಾಬ ಕೂಗಿದ್ದು ಯಾರಿಗೂ ಅರ್ಥವಾಗದಿದ್ದರೂ ಎಲ್ಲರೂ ಹೊಡೆದರು.

ಗೇಟಿನಲ್ಲಿ ಹಾಲೇಶ ಎರಡೂ ಕೈ ಬೀಸುತ್ತಾ, "ಓಡ್ರಿ, ಓಡ್ರಿ!" ಶಿಪ್ ಟೈಮ್ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಪೀಟರ್ ತನ್ನ ಚೀಲ ಹಾಲೇಶನ ಕೈಗೆ ಕೊಟ್ಟು ರೂತ್ ಅವರ ತೋಳು ಹಿಡಿದ. ಹೋಗುವ ಮೊದಲು ರೂತ್ ನನ್ನ ಕಡೆ ತಿರುಗಿ ಹೇಳಿದ್ದಿಷ್ಟೇ — "ನೀವು ನಿಲ್ಲಿಸಿದಿರಿ. ಅದನ್ನು ಮಗಳಿಗೆ ಹೇಳುತ್ತೇನೆ."

ಎಲ್ಲರೂ ಹತ್ತಿದರು. ಗೇಟಿನ ಹೊರಗೆ ನಿಂತು ಅತ್ತುಬಿಟ್ಟೆ. ಉಮರಸಾಬ ನೋಡದವನಂತೆ ಟೈರು ಒದ್ದು ನೋಡುತ್ತಿದ್ದ.

ಫೆಬ್ರವರಿ 13

ಮನೆ. ಅತ್ತೆ ಬಾಗಿಲಲ್ಲೇ, "ಏನ್ ಹಡದ್ಲು?" ಹೆಣ್ಣು ಅಂದೆ. ಒಳಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ನಿದ್ದೆ ಬರುತ್ತಿದೆ. ಬೆಡ್‌ಶೀಟ್ ನಾಳೆ.

ಮಾರ್ಚ್ 8, ಭಾನುವಾರ. ಬಂದರಿನ ಗೇಟು

ಹಾಲೇಶ ಇನ್ನೊಂದು ಹಡಗು ಕೊಟ್ಟಿದ್ದಾನೆ. ಇದು ಮಸ್ಕತ್ ಕಡೆಯಿಂದ ಬಂದದ್ದು. ನಾನು ಕೇಳಿದ ಮೊದಲ ಪ್ರಶ್ನೆ, ಒಳಗಿನ ಗಡಿಯಾರ ಯಾವ ದೇಶದ್ದು? ನಮಗಿಂತ ಒಂದೂವರೆ ತಾಸು ಹಿಂದೆ. ಆದರೂ ನಮ್ಮ ಟೈಮಿಗೇ ಬಂದು ನಿಂತಿದ್ದೇವೆ, ಈ ಸಲ ಕಾಯುವವರು ನಾವು.

ಅತ್ತೆ ಜೊತೆಗೆ ಬಂದಿದ್ದಾರೆ. ನಾನು ಕರೆಯಲಿಲ್ಲ. ನಿನ್ನೆ ಸೀರೆ ಮಡಚಿಕೊಂಡು ಗಾಡಿ ಹತ್ತಿ ಕೂತುಬಿಟ್ಟರು. "ನೀ ಏನ್ ಕೆಲಸಾ ಮಾಡತಿ, ನೋಡಬೇಕಲ್ಲ." ಸಮುದ್ರ ನೋಡಿದ್ದು ಇದೇ ಮೊದಲು. ಬಹಳ ಹೊತ್ತು ನೋಡಿ, "ಇಷ್ಟು ನೀರಿಗೆ ಗೇಟು ಎಲ್ಲೈತಿ?" ಎಂದರು. ನಮ್ಮ ಕಡೆಯ ಡ್ಯಾಮು ನೋಡಿದ ಕಣ್ಣು. ಗೇಟಿಲ್ಲ ಅಂದರೆ ನಂಬಲಿಲ್ಲ.

ಹೆಸರಿನ ಬೋರ್ಡು ಹಿಡಿಯುವ ಕೆಲಸ ತಮಗೇ ಬೇಕಂತೆ. ಅಲ್ಲಿ ಮುಂದೆ ನಿಂತಿದ್ದಾರೆ. ಬೋರ್ಡು ತಲೆಕೆಳಗು. ಹೋಗಿ ತಿರುಗಿಸಬೇಕು. ಅಗೋ, ಹೊರಗೆ ಬರುತ್ತಿದ್ದಾರೆ. ಹಾಲೇಶ ಹತ್ತು ಮಂದಿ ಅಂದಿದ್ದ. ಎಂಟು, ಒಂಬತ್ತು, ಹತ್ತು, ಹನ್ನೊಂದು... ಅಯ್ಯೋ, ಇನ್ನೂ ಬರುತ್ತಲೇ ಇದ್ದಾರೆ! ಇನ್ನು ಬರೆಯಲಾಗದು, ಓಡಿದೆ.