ತೂಕದ ಯಂತ್ರದ ತಿರುಪು

ಮಾರ್ಚ್ ೧೪, ಶುಕ್ರವಾರ

ಇವರು ಹೀಗೆ ಮಾಡ್ತಾರೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ಮಧ್ಯಾಹ್ನ ಪೋಸ್ಟಾಫೀಸಿನಲ್ಲಿ ನನ್ನ ಕೌಂಟರ್ ಖಾಲಿಯಿತ್ತು. ತಮಾಷೆಗೆ ಪಾರ್ಸೆಲ್ ತೂಗುವ ಯಂತ್ರ ಹತ್ತಿದೆ. ಎಪ್ಪತ್ತೆಂಟು ಕಿಲೋ! ಬೆಳಿಗ್ಗೆ ಮನೆ ಯಂತ್ರದಲ್ಲಿ ಎಪ್ಪತ್ನಾಲ್ಕಿದ್ದೆ. "ಇದು ಕೆಟ್ಟಿದೆ" ಅಂದೆ. "ನಿನ್ನೆ ತಾನೆ ಪರೀಕ್ಷೆ ಮಾಡಿ ಸೀಲ್ ಹಾಕಿದಾರಕ್ಕಾ" ಅಂದಳು ಪಕ್ಕದ ಕೌಂಟರಿನವಳು.

ಮನೆಗೆ ಬಂದು ಕೇಳಿದರೆ ಇವರು ತಲೆ ತಗ್ಗಿಸಿದರು. "ಮುಳ್ಳು ಇಳೀಲಿಲ್ಲ ಅಂದ್ರೆ ನೀನು ದಿನವಿಡೀ ಮುಖ ಸಣ್ಣದು ಮಾಡ್ಕೊಂಡಿರ್ತಿದ್ದೆ. ನೋಡಕ್ಕಾಗದೆ ನಾನೇ ವಾರಕ್ಕೊಂದ್ಸಲ ಯಂತ್ರದ ತಿರುಪು ಒಂಚೂರು ತಿರುಗಿಸ್ತಿದ್ದೆ ಕಣೇ."

ಕರುಣೆಯಂತೆ! ನಂಬಿಸಿ ಕತ್ತು ಕೊಯ್ಯೋದಕ್ಕೆ ಎಂಥಾ ಚಂದದ ಹೆಸರು.

ಉಪವಾಸ ಬೇಡ, ದಿನಕ್ಕೆ ಮುನ್ನೂರು ಕ್ಯಾಲೊರಿ ಕಡಿಮೆ ತಿನ್ನಿ, ವಾರಕ್ಕೆ ಮುನ್ನೂರು ಗ್ರಾಂ ಇಳಿದರೂ ಗೆದ್ದ ಹಾಗೆ ಅಂದಿದ್ದರು ಡಾಕ್ಟರಮ್ಮ. ಹತ್ತು ವಾರ ಎಣ್ಣೆಯನ್ನೂ ಚಮಚದಲ್ಲಿ ಅಳೆದೆ. ಎಂಬತ್ತೊಂದರಿಂದ ಎಪ್ಪತ್ತೆಂಟು. ಮೂರು ಕಿಲೋ, ಅವರು ಹೇಳಿದಷ್ಟೇ. ನಾನು ಕುಣಿಯಬೇಕಿತ್ತು. ಇವರು ದಾನ ಕೊಟ್ಟ ನಾಲ್ಕು ಕಿಲೋ ಪಕ್ಕದಲ್ಲಿ ನಾನು ಬೆವರು ಸುರಿಸಿ ಇಳಿಸಿದ ಮೂರು ಕಿಲೋ ಸೋಲಿನ ಹಾಗೆ ಕಾಣ್ತಿದೆ. ಅದನ್ನೂ ಕಿತ್ಕೊಂಡರಲ್ಲ.

ಮುಳ್ಳನ್ನು ನಾನೇ ಸೊನ್ನೆಗೆ ತಂದಿಟ್ಟೆ.

ಆ ಕಡೆ ತಿರುಗಿ ಗೊರಕೆ ಹೊಡೀತಿದ್ದಾರೆ. ಅದಾದರೂ ನಿಜದ್ದೋ, ಇಲ್ಲಾ ಅದೂ ನನ್ನ ಸಮಾಧಾನಕ್ಕೋ?